ಒಂದೇ ಓಲೆ

ಕಥೆ ಓದಿ ಯಾರೂ ಹಾಳಾಗುವುದಿಲ್ಲ, ಉದ್ಧಾರವೂ ಆಗುವುದಿಲ್ಲ ಎಂದು ಮೂಡುಬಿದಿರೆಯ ಸಭೆಯೊಂದರಲ್ಲಿ ಮೇಜು ಕುಟ್ಟಿ ಹೇಳಿದವಳು ನಾನು. ಸಿಟ್ಟಿಗೆ ಕಾರಣವಿತ್ತು. ಊರಿನ ಪತ್ರಿಕೆಗೆ ಬರೆದ ನನ್ನ ಕಥೆಯ ಒಂದು ಸಾಲಿಗೆ ಸಂಪಾದಕರು ಕತ್ತರಿ ಹಾಕಿದ್ದರು.

ನಮ್ಮಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುವುದುಂಟು. ಹೆಣ್ಣು, ಗಂಡು ಇಬ್ಬರೂ ಸತ್ತವರೇ. ಇಬ್ಬರ ಬರಿ, ಅಂದರೆ ಗೋತ್ರದ ಹಾಗೆ ತಾಯಿಯಿಂದ ಮಕ್ಕಳಿಗೆ ಬರುವ ಬಳಿ, ಬೇರೆಯಾಗಿರಬೇಕು ಅಷ್ಟೆ. ಸಂಬಂಧ ಕೂಡಿಬರದಿದ್ದರೆ ಪೇಪರಿನಲ್ಲಿ ಜಾಹೀರಾತನ್ನೂ ಕೊಡುತ್ತಾರೆ. ನನ್ನ ಕಥೆ ಶುರುವಾಗುವುದೇ ಅಂಥ ಜಾಹೀರಾತಿನಿಂದ: ಆರು ವರ್ಷಕ್ಕೆ ತೀರಿಕೊಂಡ ಹುಡುಗಿಗೆ ವರ ಬೇಕು. ಯಾವ ಬರಿ ಬರೆಯುವುದೆಂದು ತೋಚದೆ ನನ್ನದನ್ನೇ ಕೊಟ್ಟಿದ್ದೆ. ಅವಳ ಬಲಗಿವಿಯ ಹಾಲೆ ಹರಿದಿತ್ತು ಎಂದೂ ಬರೆದಿದ್ದೆ.

ಸಂಪಾದಕರು ಹೊಡೆದುಹಾಕಿದ್ದು ಆ ಸಾಲನ್ನು. "ಅಂಥದ್ದೇ ಗುರುತಿನ ಮಗು ಯಾರ ಮನೆಯಲ್ಲಾದರೂ ತೀರಿಕೊಂಡಿದ್ದರೆ? ಜನ ಹೆದರ್ತಾರೆ, ಟೀಚರೇ."

ಕಥೆ ಅಚ್ಚಾಗಿ ತಿಂಗಳಾಗಿರಲಿಲ್ಲ. ಮಡಂತ್ಯಾರಿನ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಪುತ್ತಿಗೆಯ ನಮ್ಮ ಮನೆಗೆ ಬಂದರು. ಮಗಳ ಮದುವೆ ಮೂರು ಸಲ ನಿಶ್ಚಯವಾಗಿ ಮುರಿದಿತ್ತಂತೆ. ಎಂಟು ವರ್ಷಕ್ಕೆ ಜ್ವರದಲ್ಲಿ ಹೋದ ಅವಳ ಅಣ್ಣನ ಮದುವೆ ಮೊದಲು ಆಗಬೇಕು ಎಂದು ಜೋಯಿಸರು ಹೇಳಿದ್ದರಂತೆ. ಅವನಿಗೆ ನನ್ನ ಕಥೆಯ ಹುಡುಗಿಯನ್ನು ಕೇಳಲು ಬಂದಿದ್ದರು. ಮಗಳು ತಲೆಯೆತ್ತದೆ ಕೂತಿದ್ದಳು.

"ಅಮ್ಮಾ, ಅದು ಕಥೆ. ಅಂಥ ಹುಡುಗಿಯೇ ಇಲ್ಲ," ಎಂದೆ.

"ಗೊತ್ತುಂಟು. ನನ್ನ ಮಗನೂ ಇಲ್ಲ ಅಲ್ವಾ?"

ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಚಿನ್ನದ ಓಲೆ ತೆಗೆದರು. "ಒಂದೇ ಮಾಡಿಸಿದ್ದು. ನಿಮ್ಮ ಕಥೆಯ ಹುಡುಗಿ ಕನಸಿನಲ್ಲಿ ಬಂದಿದ್ದಳು. ಇನ್ನೊಂದು ಕಿವಿ ಹರಿದದ್ದು."

"ಯಾವ ಕಿವಿ?"

ಆಕೆ ತಮ್ಮ ಬಲಗಿವಿ ಮುಟ್ಟಿ ತೋರಿಸಿದರು. ಒಳಗೆ ಹೋಗಿ ಸಂಪಾದಕರಿಗೆ ಫೋನು ಮಾಡಿದೆ. ಆ ಸಾಲಿದ್ದ ಹಾಳೆ ತಮ್ಮ ಮೇಜಿನೊಳಗೇ ಉಂಟು, ಯಾರಿಗೂ ತೋರಿಸಿಲ್ಲ ಎಂದರು.

ಹೊರಗೆ ಬಂದಾಗ ಆಕೆ ಮೆಲ್ಲಗೆ ಹೇಳಿದರು, "ನಿಮ್ಮದೇ ಬರಿಯವಳು, ಊರಲ್ಲಿ ವಿಚಾರಿಸಿದೆ. ನೀವೇ ಕೊಡ್ಬೇಕು."

ಆ ಮಗಳ ಮುಖ ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲ. ಆಟಿ, ಅಂದರೆ ಆಷಾಢ ತಿಂಗಳ ಒಂದು ಹಗಲು ನಮ್ಮ ಚಾವಡಿಯಲ್ಲಿ ಎರಡು ಕುರ್ಚಿ ಇಟ್ಟೆವು. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದರ ಮೇಲೆ ನಾನು ಬಂಟ್ವಾಳದಿಂದ ತಂದ ಹಸಿರು ಸೀರೆ, ಅದರ ಮೇಲೆ ಆ ಓಲೆ. ಧಾರೆಯ ನೀರನ್ನು ನಾನೇ ಬಿಟ್ಟೆ. ಹೆತ್ತವಳ ಹಾಗೆ ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ಹೊರಡುವಾಗ ಆಕೆ ಸೀರೆಯನ್ನು ಎದೆಗೆ ಅವಚಿಕೊಂಡು ಕೇಳಿದರು, "ಸೊಸೆಯನ್ನು ಏನು ಹೇಳಿ ಕರೆಯುವುದು?"

ಕಥೆಯ ಹುಡುಗಿ ತಾನೇ ಎಂದು ನಾನು ಅವಳಿಗೆ ಹೆಸರನ್ನೇ ಇಟ್ಟಿರಲಿಲ್ಲ. ಆಕೆಯ ಕಿವಿಯ ಹತ್ತಿರ ಬಾಗಿ ಒಂದು ಹೆಸರು ಹೇಳಿದೆ. ಈಗ ಇದನ್ನು ಬರೆಯುವಾಗ ಆ ಹೆಸರನ್ನೂ ಬರೆದಿದ್ದೆ. ಆಮೇಲೆ ನಾನೇ ಹೊಡೆದುಹಾಕಿದೆ.