ಕೆರೆಯ ಸೊಂಟದಳತೆ

ಏ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುವವರೇ! ಆಚೆ ಬೀದಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಓಡುತ್ತಿರುವವರೇ! ಸ್ವಲ್ಪ ನಿಲ್ಲಿ, ಕಿವಿ ಈ ಕಡೆ ಕೊಡಿ. ಭಾನುವಾರ ನಮ್ಮ ಕೆರೆಗೆ ಪ್ಯಾಂಟ್ ತೊಡಿಸಿದ್ದು ಯಾಕೆ ಅಂತ ಹೇಳುತ್ತೇನೆ.

ನಮ್ಮ ದೊಡ್ಡಪ್ಪ ಟೇಲರ್. ಅಂಗಡಿ ಮುಚ್ಚಿ ಆರು ವರ್ಷವಾದರೂ ಕೊರಳಿನ ಟೇಪು ಇಳಿದಿಲ್ಲ. ಕೆರೆಯ ಸುತ್ತ ನಮ್ಮ ಕಾಲೊನಿಯ ನಾಲ್ಕು ಸಾಲು ಮನೆಗಳಿವೆ. ಕೆರೆಯ ತೂಬಿಗೆ, ಅಂದರೆ ನೀರು ಹೊರಗೆ ಬಿಡುವ ಬಾಗಿಲಿಗೆ, ಒಂದು ಕಬ್ಬಿಣದ ಚಕ್ರವಿದೆ. ಅದನ್ನು ಇಪ್ಪತ್ತೆರಡು ವರ್ಷದಿಂದ ಬಿಡಿಗಾಸೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿರುವವರು ಅವರೇ. ಬೆಳಿಗ್ಗೆ ಆರಕ್ಕೆ ಗ್ರೀಸ್ ಡಬ್ಬಿ ಹಿಡಿದು ಹೋಗುತ್ತಾರೆ, ತೂಬಿನ ಪಕ್ಕದ ಕಲ್ಲುಕಂಬ ನೋಡುತ್ತಾರೆ, ಕೆಳಸಾಲಿನ ಮನೆಗಳ ಕಡೆ ತಿರುಗಿ ಕೂಗುತ್ತಾರೆ:

“ಮೊಣಕಾಲು ದಾಟಿದೆ ಕಣ್ರಮ್ಮಾ, ಸೊಂಟಕ್ಕಿನ್ನೂ ದೂರ ಇದೆ!”

ಹೊಸಬರು ಕೇಳಿದರೆ ಯಾರದೋ ಪ್ಯಾಂಟಿನ ಅಳತೆ ಅಂದುಕೊಳ್ಳಬೇಕು. ಆದರೆ ಅದು ಕೆರೆಯ ಅಳತೆ. ಹಿಂದೊಮ್ಮೆ ಹೂಳು ತೆಗೆಯಲು ಕೆರೆ ಬರಿದು ಮಾಡಿದಾಗ ದೊಡ್ಡಪ್ಪ ಕಂಬದ ಬುಡದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ತಮ್ಮ ಮೊಣಕಾಲು, ಸೊಂಟ, ಎದೆಯ ಮಟ್ಟಕ್ಕೆ ಕೆಂಪು ಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದರು. ನೀರು ಸೊಂಟ ಮುಟ್ಟಿದರೆ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ತಡಮಾಡಿದರೆ ಕೆಳಸಾಲಿನ ಹಿತ್ತಿಲುಗಳಿಗೆ ನೀರು ನುಗ್ಗುತ್ತದೆ. ಆ ಸಾಲಿನ ಮೊದಲ ಮನೆ ನರ್ಸಕ್ಕನದು. ಅವಳ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು, ಮಲಗಿರುವುದು ಹಿತ್ತಿಲ ಕಡೆಯ ಕೋಣೆಯಲ್ಲೇ.

ಇನ್ನು ನಮ್ಮ ಘನಕಾರ್ಯ. ದೊಡ್ಡಪ್ಪನಿಗೂ ಅವರ ಜೊತೆ ಕೆರೆಗಾಗಿ ದುಡಿಯುವ ಉಳಿದವರಿಗೂ ಭಾನುವಾರ ಒಂದು ಮೆಚ್ಚುಗೆಯ ಕಾರ್ಯಕ್ರಮ ಮಾಡೋಣ ಎಂದು ಕಾಲೊನಿ ಸಂಘದ ಕಾರ್ಯದರ್ಶಿ ನಿರ್ಧರಿಸಿದರು. ಅವರಿಗೆ ಹೇಳದೆ ತೂಬಿನ ಜಾಗವನ್ನು ಚೆಂದ ಮಾಡೋಣ ಎಂದು ನಾವು ಹುಡುಗರು ನಿರ್ಧರಿಸಿದೆವು. ಶನಿವಾರ ಮಧ್ಯಾಹ್ನ ದೊಡ್ಡಮ್ಮ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೇ ತಡ, ನಮ್ಮ ಗುಂಪಿನ ಪ್ಲಂಬರ್ ಅಣ್ಣ ತಂತಿಬ್ರಷ್ ಹಿಡಿದ, ನಾನು ಬಣ್ಣದ ಡಬ್ಬಿ ಹಿಡಿದೆ. ಪಾಚಿ, ಕೊಳೆ, ಹಳೇ ಕಲೆ ಎಲ್ಲ ಉಜ್ಜಿ ಉಜ್ಜಿ ತೆಗೆದು, ನೀರಿನಿಂದ ಮೇಲಿನ ಕಂಬಕ್ಕೆಲ್ಲ ಬೆಳ್ಳಗೆ ಬಣ್ಣ ಬಳಿದೆವು. ಹಾಲಿನಂತೆ ಹೊಳೆಯಿತು. ನಾವೂ ಹಲ್ಲು ಕಿರಿದುಕೊಂಡು ಮನೆಗೆ ಹೋದೆವು.

ಮೇಲಿನ ಬೆಟ್ಟಗಳಲ್ಲಿ ಎರಡು ದಿನದಿಂದ ಮಳೆ. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ಆರಕ್ಕೆ ಹೊರಟರೆ, ಒಂಬತ್ತಕ್ಕೆ ಹೊಸ ಶರ್ಟ್ ಹಾಕಿಕೊಂಡೇ ಹೋಗಬೇಕು ಎಂದು ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರಂತೆ. ಅವರು ಬರುವಷ್ಟರಲ್ಲಿ ಕುರ್ಚಿ, ಮೈಕು, ಹೂಗುಚ್ಛ, ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಎಲ್ಲ ಸಿದ್ಧವಿತ್ತು. ಕಾರ್ಯದರ್ಶಿ ಪತ್ರ ಓದತೊಡಗಿದರು. ದೊಡ್ಡಪ್ಪ ಮಾತ್ರ ಅವರ ಹೆಗಲ ಮೇಲಿಂದ ಇಣುಕಿ ಕಂಬವನ್ನೇ ನೋಡುತ್ತಿದ್ದರು.

“ಅಲ್ರೋ, ಕಂಬಕ್ಕೆ ಹೊಸ ಶರ್ಟ್ ಹೊಲಿಸಿದ್ದು ಯಾರು?”

“ನಾವೇ ದೊಡ್ಡಪ್ಪಾ!” ಅಂದೆ ನಾನು, ಎದೆ ಉಬ್ಬಿಸಿ.

“ಚೆನ್ನಾಗಿದೆ ಕಂದಾ. ಸೊಂಟ ಎಲ್ಲಿಟ್ಟಿದ್ದೀಯ?”

ಮೈಕು ಗುಂಯ್ ಎಂದಿತು. ಪ್ಲಂಬರ್ ಅಣ್ಣ ತನ್ನ ಚಪ್ಪಲಿ ನೋಡಿಕೊಂಡ. ನಾನೂ ಅವನ ಚಪ್ಪಲಿಯನ್ನೇ ನೋಡಿದೆ.

ನೀರು ಮೇಲಕ್ಕೆ ಬಂದಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಗೆರೆಗೆ ಎಷ್ಟು ಬಾಕಿ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಸುಮ್ನೆ ಈಗ್ಲೇ ತೂಬು ತೆಗೆದುಬಿಡಿ ಸಾರ್,” ಎಂದರು ಕಾರ್ಯದರ್ಶಿ.

“ತೂಬಿನ ಕಾಲುವೆ ಪಕ್ಕ ಮಾಲಿಯಣ್ಣ ಎಂಟುನೂರು ಸಸಿ ಇಟ್ಟಿದಾನೆ, ದಂಡೆ ಮೇಲೆ ನೆಡೋಕೆ. ಈಗ ತೆಗೆದ್ರೆ ಟ್ರೇ ಸಮೇತ ಕೊಚ್ಕೊಂಡು ಹೋಗುತ್ತೆ. ಎತ್ತಿಡೋಕೆ ಎರಡು ಗಂಟೆಯಾದ್ರೂ ಬೇಕು,” ಎಂದರು ದೊಡ್ಡಪ್ಪ.

“ಅಷ್ಟೊತ್ತಿಗೆ ನಮ್ಮಮ್ಮನ ಮಂಚದ ಕೆಳಗೆ ನೀರು ಬಂದ್ರೆ?” ಎಂದಳು ನರ್ಸಕ್ಕ. ಜಗಳಕ್ಕೆ ಕೇಳಿದ್ದಲ್ಲ. ನೈಟ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು, ದನಿಯಲ್ಲಿ ನಿದ್ದೆಯಿತ್ತು.

ದೊಡ್ಡಪ್ಪ ತಲೆ ಕೆರೆದುಕೊಂಡರು. ಕಣ್ಣಂದಾಜಿನಲ್ಲಿ ಹೇಳೋಣವೆಂದರೆ ಎರಡು ಕಣ್ಣಿಗೂ ಪೊರೆ ಬಂದಿದೆ ಎಂದು ಹಿಂದಿನ ದಿನವಷ್ಟೇ ಡಾಕ್ಟರು ಹೇಳಿದ್ದರು. ಮತ್ತೆ ಬುಡದಲ್ಲಿ ನಿಂತು ಅಳೆಯೋಣವೆಂದರೆ ಎಪ್ಪತ್ತೊಂದರ ಬೆನ್ನು ಬಾಗಿದೆ, ಮೊಣಕಾಲು ಮಡಚಿಕೊಂಡಿದೆ, ಸೊಂಟ ಮೊದಲಿದ್ದಲ್ಲಿ ಇಲ್ಲ.

“ನಿಮ್ಮ ಆಗಿನ ಅಳತೆ ನೆನಪಿಲ್ವಾ?” ನರ್ಸಕ್ಕ ಕೇಳಿದಳು.

“ನಿಮ್ಮಪ್ಪನ ಕಾಲುದ್ದ ಕೇಳು, ಈಗ್ಲೇ ಹೇಳ್ತೀನಿ. ನಂದು ಯಾರಮ್ಮಾ ತಗೊಂಡ್ರು? ಟೇಲರ್ ತನ್ನ ಹಳೇ ಪ್ಯಾಂಟ್ ಹಾಸಿ ಅದರ ಮೇಲೇ ಹೊಸದು ಕತ್ತರಿಸ್ಕೋತಾನೆ...” ಎಂದವರು ಅಲ್ಲಿಗೇ ನಿಲ್ಲಿಸಿದರು. ನಿಧಾನವಾಗಿ ದೊಡ್ಡಮ್ಮನ ಕಡೆ ತಿರುಗಿದರು.

“ಲೇ, ಆ ಕಂದು ಪ್ಯಾಂಟು?”

“ಅಯ್ಯೋ ಪುಣ್ಯಾತ್ಮಾ! ಬಿಸಾಡ್ತೀನಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ, ಬಿಡ್ತೀರಾ ನೀವು? ಟ್ರಂಕಿನ ತಳದಲ್ಲಿ ಬಿದ್ದಿದೆ.”

“ಬಿಸಾಡ್ಲಿಲ್ವಲ್ಲ, ಬದುಕಿದ್ವಿ!”

ನಾನು ಓಡಿದೆ. ನುಸಿಗುಳಿಗೆಯ ವಾಸನೆಯ ಪ್ಯಾಂಟನ್ನು ಎತ್ತಿ ಹಿಡಿದುಕೊಂಡೇ ವಾಪಸು ಓಡಿ ಬಂದೆ. ಹೂಳು ತೆಗೆದ ವರ್ಷ ಅವರೇ ಹೊಲಿದುಕೊಂಡದ್ದು. ಗೆರೆ ಎಳೆದ ದಿನ ತೊಟ್ಟಿದ್ದೂ ಅದನ್ನೇ, ಸೊಂಟದ ಪಟ್ಟಿಯ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇನ್ನೂ ಇತ್ತು.

“ಬಟ್ಟೆ ಕುಗ್ಗಿದ್ರೆ?” ಕಾರ್ಯದರ್ಶಿಗೆ ಅನುಮಾನ.

“ಸ್ವಾಮೀ, ಬಟ್ಟೆನ ನೆನೆಸಿ ಒಣಗಿಸದೆ ನಾನು ಕತ್ತರಿ ಹಾಕಿದೋನಲ್ಲ. ನೀವು ಹಾಕಿರೋ ರೆಡಿಮೇಡ್ ಕುಗ್ಗುತ್ತೆ. ನಂದು ಹಿಮ್ಮಡಿಯಿಂದ ಸೊಂಟಕ್ಕೆ ಅವತ್ತು ಎಷ್ಟೋ ಇವತ್ತೂ ಅಷ್ಟೇ.”

ಪ್ಲಂಬರ್ ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗಿಳಿದ. ಪ್ಯಾಂಟಿನ ಕಾಲಿನ ತುದಿಯನ್ನು ಬುಡದ ಕಲ್ಲಿಗೆ ತನ್ನ ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಕಂಬದುದ್ದಕ್ಕೂ ಮೇಲಕ್ಕೆಳೆದ. “ಸುಕ್ಕು ಬಿಡಿಸೋ! ಇಸ್ತ್ರಿ ಮಾಡಿದ ಹಾಗಿರ್ಬೇಕು,” ಎಂದು ದೊಡ್ಡಪ್ಪ ದಡದಿಂದ ಕೂಗಿದರು. ಅವನು ಹಗ್ಗ ಸುತ್ತಿ ಬಿಗಿದ ಮೇಲೆ ಬೆಳ್ಳಗಿನ ಕಂಬಕ್ಕೆ ಕಂದು ಪ್ಯಾಂಟು ಅಂಟಿ ನಿಂತಿತು. ನೀರು ಪಟ್ಟಿಗಿಂತ ನಾಲ್ಕು ಬೆರಳು ಕೆಳಗಿತ್ತು.

“ನಾಲ್ಕು ಬೆರಳು ಅಂದ್ರೆ ಮಧ್ಯಾಹ್ನದವರೆಗೆ ತೊಂದರೆ ಇಲ್ಲ. ನಡೀರಿ, ಸಸಿ ಎತ್ತೋಣ.”

ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಭಾಷಣ ಮಾಡಬೇಕಿದ್ದವರು ಟ್ರೇ ಹೊತ್ತರು, ಕಾರ್ಯದರ್ಶಿಯೂ ಪ್ಯಾಂಟು ಮಡಚಿಕೊಂಡು ಕೆಸರಿಗಿಳಿದರು. ದಾರಿಯುದ್ದಕ್ಕೂ ದೊಡ್ಡಪ್ಪ ಅವರಿಗೆ ಹೇಳುತ್ತಾ ಹೋದರು: “ಆ ಪತ್ರದಲ್ಲಿ ನನ್ನದೊಂದೇ ಹೆಸರು ಹಾಕಿದ್ದೀರಿ. ಕೆರೆ ಕಸ ಹಿಡಿಯೋ ಬಲೆ ದಿನಾ ಯಾರು ಎಳೀತಾರೆ? ಈ ಮಾಲಿ. ದಂಡೆ ಮೇಲಿನ ಬಲ್ಬು ಹೋದ್ರೆ ಡ್ಯೂಟಿಯಿಂದ ಬರ್ತಾ ನೋಡ್ಕೊಂಡು ಬಂದು ಹೇಳೋದು ಯಾರು? ನಮ್ಮ ನರ್ಸಮ್ಮ. ನಾನು ಬರೀ ಅಳತೆ ತಗೊಳ್ಳೋನು.” ಮಾಲಿಯಣ್ಣ ಮಾತಾಡುವವನಲ್ಲ. ಟ್ರೇ ಕೆಳಗಿಟ್ಟು ಮೂಗು ಒರೆಸಿಕೊಂಡ, ಇನ್ನೊಂದು ತರಲು ಹೋದ.

ಮಧ್ಯಾಹ್ನ ಎರಡಕ್ಕೆ ನೀರು ಪ್ಯಾಂಟಿನ ಪಟ್ಟಿ ಮುಟ್ಟಿತು. ದೊಡ್ಡಪ್ಪ ಚಕ್ರವನ್ನು ಎರಡು ಸುತ್ತು ತಿರುಗಿಸಿದರು. ಕಾಲುವೆಯಲ್ಲಿ ನೀರು ಗೊಣಗುತ್ತಾ ಹೋಯಿತು. ಸಂಜೆ ನರ್ಸಕ್ಕ ಬಂದು, “ಅಮ್ಮನ ಕೋಣೆಗೆ ಒಂದು ಹನಿ ನೀರೂ ಬರ್ಲಿಲ್ಲ. ಮಂಚದ ಕೆಳಗೆ ನಾನೂ ಒಂದು ಗಂಟೆ ಚಾಪೆ ಹಾಸ್ಕೊಂಡು ನಿದ್ದೆ ಮಾಡ್ದೆ,” ಎಂದು ಹೇಳಿ ಹೋದಳು. ಪ್ರಶಸ್ತಿಪತ್ರ ಓದಿದಾಗ ಅರಳದ ದೊಡ್ಡಪ್ಪನ ಮುಖ ಆಗ ಅರಳಿತು.

ಪ್ಲಂಬರ್ ಅಣ್ಣ ಪಟ್ಟಿಯಿದ್ದ ಮಟ್ಟಕ್ಕೇ ಕೆಂಪು ಬಣ್ಣದಲ್ಲಿ ಹೊಸ ಗೆರೆ ಎಳೆದು, ಕ್ಷಮೆ ಕೇಳಲು ಮನೆಗೆ ಬಂದು ಬಾಗಿಲಲ್ಲೇ ನಿಂತ.

“ಕಣ್ಣಿನ ಆಪರೇಷನ್ ಆಗೋವರೆಗೆ ಬೆಳಿಗ್ಗೆ ಆರಕ್ಕೆ ನೀನು ಹೋಗ್ತೀಯಾ?” ದೊಡ್ಡಪ್ಪ ಕೇಳಿದರು.

“ಹೋಗ್ತೀನಿ. ಆಮೇಲೂ ಬರ್ತೀನಿ, ನೀವು ಹ್ಞೂಂ ಅಂದ್ರೆ.”

“ಹಾಗಾದ್ರೆ ನೆಟ್ಟಗೆ ನಿಂತ್ಕೋ. ನನ್ನ ಅಳತೆ ಯಾರೂ ತಗೊಳ್ಳಲಿಲ್ಲ, ನಿಂದಾದ್ರೂ ಬರೆದಿಡೋಣ. ಹೊಟ್ಟೆ ಒಳಗೆ ಎಳ್ಕೋಬೇಡ, ಎಲ್ಲರೂ ಅದೇ ಕಳ್ಳಾಟ ಆಡ್ತಾರೆ.”

ಕೊರಳಿನಿಂದ ಟೇಪು ತೆಗೆದು, ಒಂದು ತುದಿ ಅವನ ಸೊಂಟಕ್ಕೆ ಹಿಡಿದು, ನಿಧಾನವಾಗಿ ಬಗ್ಗಿ, ಇನ್ನೊಂದು ತುದಿಯನ್ನು ಹಿಮ್ಮಡಿಗೆ ಮುಟ್ಟಿಸಿದರು.