ವಿಭೂತಿ ಹಚ್ಚಿದ ಮಿಷನ್

ನೀವೇ ಹೇಳ್ರಪ್ಪ, ಹೊಲಿಗೆ ಮಿಷನ್ನಿಗೆ ವಿಭೂತಿ ಹಚ್ಚಿದರೆ ವಾರಂಟಿ ಹೋಗುತ್ತದೆಯೇ?

ಇವತ್ತು ಸೋಸಲೆಯಿಂದ ಬಸ್ಸಿನಲ್ಲಿ ನನ್ನ ಮಿಷನ್ ಹೊತ್ತುಕೊಂಡು ನರಸೀಪುರದ ಸರ್ವಿಸ್ ಸೆಂಟರಿಗೆ ಬಂದೆ. ಕೊಂಡು ಐದು ತಿಂಗಳಾಗಿಲ್ಲ, ಮೋಟರ್ ನಿಂತಿದೆ. ನಾಳಿದ್ದು ಪಕ್ಕದ ಬೀದಿಯಲ್ಲಿ ಮದುವೆ, ಎಂಟು ರವಿಕೆ ಬಾಕಿ ಇವೆ. ಅಂಗಡಿಯ ಯಜಮಾನರು ಮಿಷನ್ ಮೇಲಿನ ಮೂರು ಪಟ್ಟೆ ವಿಭೂತಿ ನೋಡಿದ್ದೇ ತಡ, "ಇದು ವ್ಯಾಪಾರದ ಮಿಷನ್ ಕಣಮ್ಮ. ನೀವು ಗ್ರಾಹಕರಲ್ಲ, ಫ್ರೀ ರಿಪೇರಿ ಇಲ್ಲ" ಅಂದರು.

"ವ್ಯಾಪಾರ ಎಲ್ಲದೆ ಸಾ? ಒಟ್ಟೆಪಾಡ್ಗೆ ಜಗ್ಲೀಲಿ ಒಬ್ಳೇ ಕೂತು ಒಲಿತೀನಿ. ನನ್ ರವಿಕೆ ಒಲ್ಕಂಡ್ರೆ ಗ್ರಾಹಕಿ, ಪಕ್ಕದ್ಮನೆ ಜಯಮ್ಮಂದು ಒಲಿದ್ರೆ ಕಂಪ್ನಿನಾ?"

"ಮನೆ ಬಳಕೆ ಮಿಷನ್‌ಗೆ ಯಾರಮ್ಮ ಪೂಜೆ ಮಾಡ್ತಾರೆ?"

ಅಷ್ಟರಲ್ಲಿ ಅವರ ಅಂಗಡಿಯ ಇಂಟರ್ನೆಟ್ ಹೋಯಿತು. ತಕ್ಷಣ ಫೋನ್ ಮಾಡಿ ಕೂಗಾಡತೊಡಗಿದರು: "ನಾನು ನಿಮ್ ಗ್ರಾಹಕ ಕಣ್ರೀ! ಈಗ್ಲೇ ಬಂದು ಸರಿ ಮಾಡ್ಬೇಕು!"

ಅವರ ಕಂಪ್ಯೂಟರಿನ ಹಣೆಯ ಮೇಲೂ ಮೂರು ಪಟ್ಟೆ ವಿಭೂತಿ ಇದೆ. ಇಂಟರ್ನೆಟ್‌ನವರು ಬಂದು ಅದನ್ನು ನೋಡಲಿ ಎಂದು, ಮಿಷನ್ ತೊಡೆಯ ಮೇಲಿಟ್ಟುಕೊಂಡು ನಾನಿನ್ನೂ ಇಲ್ಲೇ ಕೂತಿದ್ದೇನೆ.