ಹಂಪಣ್ಣನ ದನಿಗಷ್ಟೇ ಕಿವಿಗೊಟ್ಟ ಪೆಟ್ಟಿಗೆ

ಹೆಂಡತಿ ಮಾತು ಕೇಳುವುದಿಲ್ಲ ಎಂದು ರಾಯಚೂರಿನ ಗಂಡಸರು ಚಹಾದಂಗಡಿಯಲ್ಲಿ ದಿನಾ ಗೊಣಗುತ್ತಿದ್ದರು. ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನಿಂದ ಬಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮಾಸ್ತರನಾಗಿದ್ದ ಹಂಪಣ್ಣ ಆ ಹರಟೆಗೆ ಸೇರುತ್ತಿರಲಿಲ್ಲ. ಅವನ ಹೆಂಡತಿ ದುರುಗಮ್ಮನಿಗೆ ನಿಜವಾಗಿಯೂ ಕೇಳುತ್ತಿರಲಿಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ಬಂದ ಜ್ವರ ಇಳಿಯುವಾಗ ಅವಳ ಕಿವಿಯನ್ನೂ ಇಳಿಸಿಕೊಂಡು ಹೋಗಿತ್ತು. ಅಂಗಡಿಯ ಶ್ರವಣಯಂತ್ರ ಹಾಕಿದರೆ ಮಾತು, ಟಾಂಗಾ, ತಾಟು ಎಲ್ಲ ಒಟ್ಟಿಗೇ ಕಿರುಚಿ ತಲೆ ಸಿಡಿಯುತ್ತಿತ್ತು. ಹಗಲೆಲ್ಲ ಬಾಡಿಗೆ ಕೋಣೆಯ ಗೋಡೆ ನೋಡಿ ಸಾಕಾಗಿ ಅವಳು ದೇವದುರ್ಗದಾಚೆಯ ಜಾಲಹಳ್ಳಿಗೆ, ತವರಿಗೆ ಹೊರಟಳು.

"ಮಂದಿ ಮಾತು ಕೇಳಂಗಾದ್ರ ಬರ್ತೀನ್ರಿ," ಅಂದಳು.

ಹಂಪಣ್ಣ ಹಟ ಹಿಡಿದ. ಮಾತನ್ನು ಗುರುತಿಸಿ ಎತ್ತುವ, ಗದ್ದಲವನ್ನು ತಗ್ಗಿಸುವ ಪ್ರೊಸೆಸರನ್ನು ತಾನೇ ರೂಪಿಸಲು ಕೂತ. ವರ್ಷಗಟ್ಟಲೆ ಬೆಸುಗೆ ಹಾಕಿದ ಮೇಲೆ ತಯಾರಾದದ್ದು ಕಿವಿಗೆ ಸಿಕ್ಕಿಸುವಂಥದ್ದಲ್ಲ, ಕಂಕುಳಲ್ಲಿ ಹೊರುವಂಥ ಪೆಟ್ಟಿಗೆ.

"ಏನ್ರಿ ಮಾಸ್ತರ, ಹಾರ್ಮೋನಿಯಂ ಕಲಿಯಾಕತ್ತೀರೇನು?" ಮನೆ ಮಾಲೀಕ ಖಾಸಿಂ ಸಾಬ್ ಕೇಳಿದ.

"ಮೊದ್ಲು ಕೆಲಸ ಮಾಡ್ಲಿ ಸಾಬ್ರ, ಆಮ್ಯಾಲ ಸಣ್ಣದು ಮಾಡ್ತೀನಿ."

ಮಾತು ಅಂದರೆ ಯಾವುದು ಎಂದು ಯಂತ್ರಕ್ಕೆ ಕಲಿಸಬೇಕಿತ್ತು. ಆ ಕೋಣೆಯಲ್ಲಿ ಇದ್ದದ್ದು ಒಂದೇ ದನಿ. "ಕಲ್ಮಲ, ಗಬ್ಬೂರು, ದೇವದುರ್ಗ, ಜಾಲಹಳ್ಳಿ" ಎಂದು ತವರೂರಿನ ಬಸ್ಸಿನ ಕಂಡಕ್ಟರನ ಹಾಗೆ ತಾನೇ ಕೂಗಿ ಟೇಪು ಮಾಡಿ, ಅದನ್ನೇ ಹಾಕಿ ಹಾಕಿ ಯಂತ್ರವನ್ನು ತಿದ್ದಿದ.

ಪೆಟ್ಟಿಗೆ ಹೊತ್ತು ಜಾಲಹಳ್ಳಿಗೆ ಹೋದಾಗ ಅತ್ತೆಮನೆಯ ಅಂಗಳದಲ್ಲಿ ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಹಂಪಣ್ಣ ಹೆಂಡತಿಯ ಕಿವಿಗೆ ವೈರು ಸಿಕ್ಕಿಸಿ, "ಕೇಳ್ತದೇನು?" ಅಂದ.

ಅವಳ ಕಣ್ಣರಳಿದವು. "ಕೇಳ್ತದ್ರೀ!"

ತಾಯಿ ತಿಮ್ಮವ್ವ ಓಡಿ ಬಂದಳು. "ಯವ್ವಾ ದುರುಗೀ, ನನ್ನ ಮಾತು?"

ದುರುಗಮ್ಮ ತಾಯಿಯ ತುಟಿಯನ್ನೇ ನೋಡಿದಳು. ಪಕ್ಕದ ಮನೆಯ ಯಮನಮ್ಮ ಗಂಟಲು ಹರಿಯುವಂತೆ ಕೂಗಿದಳು. ಊಹೂಂ. ಗಂಡಸಿನ ದನಿ ಮಾತ್ರ ಕೇಳಿ ಬೆಳೆದ ಪೆಟ್ಟಿಗೆ ಹೆಂಗಸರ ಸಣ್ಣ ದನಿಯನ್ನೆಲ್ಲ ಗದ್ದಲವೆಂದು ಅದುಮಿಬಿಡುತ್ತಿತ್ತು. ಹಂಪಣ್ಣ ಪೆಚ್ಚಾಗಿ ವಿವರಿಸಿದ.

"ಅಂದ್ರ ಗಂಡಸ್ರದು ಮಾತು, ನಮ್ದು ಗದ್ಲಾ? ಚಲೋ ಕಲಿಸೀರಿ ಬಿಡ್ರಿ ಅಳಿಯಾರ!" ಯಮನಮ್ಮ ಅಂದಳು. ಅಂಗಳವೆಲ್ಲ ನಕ್ಕಿತು.

ದುರುಗಮ್ಮ ಮೆಲ್ಲಗೆ ವೈರು ಕಿತ್ತು ಕೈಗಿಟ್ಟಳು. "ನಿಮ್ದೊಂದು ಕೇಳ್ತದ. ನೀವು ಕಾಲೇಜಿಗೆ ಹೋದ್ರ ಅಲ್ಲಿ ನನ್ನ ಕೂಡ ಯಾರ್ರೀ ಮಾತಾಡೋರು? ಹೆಣ್ಮಕ್ಕಳೇ ಅಲ್ಲೇನು?"

ಅವಳು ಮತ್ತೆ ಶೇಂಗಾದ ಮುಂದೆ ಕೂತಳು. ಹಂಪಣ್ಣ ಅವಳ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟು, ಯಂತ್ರಕ್ಕೆ ನಿಮ್ಮ ದನಿ ಕಲಿಸ್ತೀನಿ, ಮಾತಾಡ್ರಿ ಎಂದು ಹೆಂಗಸರನ್ನು ಬೇಡಿಕೊಂಡ. ಎಂದೂ ಬಾಯಿ ಮುಚ್ಚದವರು ಗಪ್ಪಾದರು. ಕೊನೆಗೆ ಯಮನಮ್ಮ ಅವನ ಪ್ಯಾಂಟನ್ನೇ ಹಾಸ್ಯ ಮಾಡತೊಡಗಿದ ಮೇಲೆ ಕ್ಯಾಸೆಟ್ಟು ತುಂಬಿತು. ಬಸ್ಸಿಗೆ ಅವನೊಬ್ಬನೇ ಹತ್ತಿದ.

ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಕೂತು ಕ್ಯಾಸೆಟ್ಟು ಹಾಕಿದ. ಹೆಂಗಸರು ಮಾತಾಡಿದರು, ನಕ್ಕರು, ನಗುವಾಗ ಎಲ್ಲರ ಕೈಯೂ ನಿಂತಿತು. ನಗು ಕೇಳಿಸದ ಒಬ್ಬಳ ಕೈ ಮಾತ್ರ ನಿಲ್ಲಲಿಲ್ಲ. ಟಪ್, ಟಪ್ ಎಂದು ಸಿಪ್ಪೆ ಒಡೆಯುತ್ತಲೇ ಇತ್ತು, ರೆಕಾರ್ಡರಿನ ತೀರ ಹತ್ತಿರದಲ್ಲಿ.

ಯಂತ್ರದ ಲೆಕ್ಕಕ್ಕೆ ಅದು ಗದ್ದಲ. ತಗ್ಗಿಸಬೇಕು.

ಹಂಪಣ್ಣ ಅಂದು ತಗ್ಗಿಸಲಿಲ್ಲ. ಟೇಪು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದ.